ಹಳೆಯ ಥಾರ್‌ನ ಹಿಂದಿನ ಸೀಟಿಗೆ ಬೆಲ್ಟ್ ಕೂಡಿಸುವ ಬಗೆ

ನಮ್ಮ ಮನೆಯಲ್ಲಿರುವುದು 2013ರ ಮಹೀಂದ್ರ ಥಾರ್ ಜೀಪು. 2010ರಿಂದ 2020ರವರೆಗೆ ಮಾರಾಟವಾದ ಈ ಹಳೆಯ ಮಾದರಿಯಲ್ಲಿ ಹಿಂಬದಿಗೆ ಎರಡು ಉದ್ದನೆಯ ಸೀಟುಗಳು ಚಕ್ರದ ಪೆಟ್ಟಿಗೆಗಳ ಮೇಲೆ ಎದುರುಬದುರಾಗಿ ಇರುತ್ತವೆ. ಮಾರುತಿ ಜಿಪ್ಸಿಯಲ್ಲೂ ಹಳೆಯ ಎಂಎಂ 540 ಜೀಪಿನಲ್ಲೂ ಬಹುಮಟ್ಟಿಗೆ ಇದೇ ಏರ್ಪಾಡು. ಹಿಂದೆ ಕುಳಿತವರು ಹುಡ್ಡಿನ ಕಂಬಿಯನ್ನು ಒಂದು ಕೈಯಲ್ಲಿ, ಎದುರಿನವರ ಮೊಣಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಪ್ರಯಾಣ ಮಾಡುವುದು ನಮ್ಮ ಕಡೆ ಎಲ್ಲರೂ ಕಂಡ ನೋಟ. ಶಹಾಬಾದಿನ ಕಲ್ಲುಗಣಿಗಳ ನಡುವಿನ ದಾರಿಯಲ್ಲಾಗಲಿ, ಚಿಂಚೋಳಿಯ ಗುಡ್ಡಗಳ ಕಡೆ ಹೋಗುವ ದಾರಿಯಲ್ಲಾಗಲಿ, ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟದ ಕಡೆ ಇದು ಹೇಗೋ ನಡೆದುಹೋಗುತ್ತದೆ. ಆದರೆ ಅಲ್ಲಿಗೆ ತಲುಪಲು ಇದೇ ಗಾಡಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಎಂಬತ್ತರ ವೇಗದಲ್ಲಿ ಓಡಬೇಕು. ಹಿಂಬದಿಯಲ್ಲಿ ಬೆಲ್ಟ್ ಬೇಕಾಗುವುದು ಮುಖ್ಯವಾಗಿ ಆ ಹೆದ್ದಾರಿಗಾಗಿ, ಕಾಡುದಾರಿಗಾಗಿ ಅಲ್ಲ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ತೀರ್ಮಾನಗಳು ಸುಲಭವಾಗುತ್ತವೆ.

ಬೆಲ್ಟ್ ಕೂಡಿಸಬೇಕೆಂದು ಗ್ಯಾರೇಜಿಗೆ ಹೋದಾಗ ನನಗೆ ಸಿಕ್ಕ ಮೊದಲ ಉತ್ತರ "ನೆಲಕ್ಕ ಎರಡ್ ಬೋಲ್ಟ್ ಹೊಡದ್ರ ಆತ್ರೀ ಸರ್, ಅರ್ಧಾ ತಾಸಿನ ಕೆಲಸ" ಎಂಬುದಾಗಿತ್ತು. ಆ ಮಿಸ್ತ್ರಿಯ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಅವರು ಹೇಳಿದಂತೆ ಮಾಡಿದ್ದರೆ ಬೆಲ್ಟ್ ನೋಡಲು ಬೆಲ್ಟಿನಂತೆಯೇ ಇರುತ್ತಿತ್ತು. ಒಂದು ಸಣ್ಣ ಲೆಕ್ಕ ಹಾಕಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಗಾಡಿ ಏನಕ್ಕಾದರೂ ಗುದ್ದಿ, ಮುಂಭಾಗ ನಜ್ಜುಗುಜ್ಜಾಗುತ್ತ, ಒಳಗೆ ಕುಳಿತ 60 ಕಿಲೋ ತೂಕದ ವ್ಯಕ್ತಿ 60 ಸೆಂಟಿಮೀಟರ್ ಅಂತರದಲ್ಲಿ ನಿಲ್ಲುತ್ತಾರೆಂದುಕೊಂಡರೆ, ಅವರನ್ನು ಹಿಡಿದು ನಿಲ್ಲಿಸಲು ಬೆಲ್ಟು ಕೊಡಬೇಕಾದ ಬಲ ಒಂದು ಟನ್ನಿನ ಹತ್ತಿರ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹತ್ತು ಕ್ವಿಂಟಲ್ ತೊಗರಿಯ ಭಾರವನ್ನು ಆ ಎರಡು ಬೋಲ್ಟುಗಳು ಒಂದು ಕ್ಷಣ ಹೊತ್ತು ನಿಲ್ಲಬೇಕು. ಬೋಲ್ಟು ನಿಲ್ಲುತ್ತದೆ, ಪಟ್ಟಿಯೂ ನಿಲ್ಲುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ, ರಬ್ಬರ್ ಮ್ಯಾಟಿನ ಕೆಳಗೆ ವರ್ಷಗಟ್ಟಲೆ ತೇವ ಹಿಡಿದು ತುಕ್ಕು ತಿಂದ ನೆಲದ ತಗಡು ಮಾತ್ರ ನಿಲ್ಲುವುದಿಲ್ಲ; ವಾಷರಿನ ಸಮೇತ ಬೋಲ್ಟು ಅದನ್ನು ಹರಿದುಕೊಂಡು ಮೇಲೆದ್ದು ಬರುತ್ತದೆ. ಹಾಗಾಗಿ ಯಾವ ಕಂಪನಿಯ ಬೆಲ್ಟ್ ಕೊಳ್ಳಬೇಕು ಎಂಬ ಪ್ರಶ್ನೆಗೆ ಮೊದಲು, ಅದನ್ನು ಯಾವ ಲೋಹಕ್ಕೆ, ಯಾವ ಜಾಗದಲ್ಲಿ, ಯಾವ ಕೋನದಲ್ಲಿ ಕಟ್ಟುತ್ತೇವೆ ಎಂಬುದನ್ನು ತೀರ್ಮಾನಿಸಬೇಕು.

ಅದಕ್ಕೂ ಮೊದಲು ತೀರ್ಮಾನವಾಗಬೇಕಾದದ್ದು ಸೀಟಿನ ದಿಕ್ಕು. ಅಡ್ಡಮುಖದ ಸೀಟಿನಲ್ಲಿ ಕುಳಿತವರಿಗೆ ಮುಂದಿನಿಂದ ಬರುವ ಪೆಟ್ಟು ಮಗ್ಗುಲಿನಿಂದ ಬಂದಂತೆ. ಮನುಷ್ಯನ ಎದೆ, ಸೊಂಟದ ಮೂಳೆಗಳು ಮುಂದಿನಿಂದ ಬರುವ ಸೆಳೆತವನ್ನು ತಡೆದುಕೊಂಡಷ್ಟು ಮಗ್ಗುಲಿನ ಸೆಳೆತವನ್ನು ತಡೆದುಕೊಳ್ಳಲಾರವು. ಅಡ್ಡಸೀಟಿಗೆ ಭುಜದ ಮೇಲಿಂದ ಹಾದುಹೋಗುವ ಮೂರು ಬಿಂದುಗಳ ಬೆಲ್ಟ್ ಕೂಡಿಸಿದರೆ, ಗಾಡಿ ಗುದ್ದಿದಾಗ ಆ ಪಟ್ಟಿ ನೇರವಾಗಿ ಕುತ್ತಿಗೆಯನ್ನು ಒತ್ತುತ್ತದೆ. ಅದು ಬೆಲ್ಟ್ ಇಲ್ಲದಿರುವುದಕ್ಕಿಂತ ದೊಡ್ಡ ಅಪಾಯವಾಗಬಹುದು. ಆದ್ದರಿಂದ ಅಡ್ಡಸೀಟನ್ನು ಹಾಗೆಯೇ ಉಳಿಸಿಕೊಳ್ಳುವವರು ಸೊಂಟದ ಬೆಲ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕು. ಗಾಡಿ ಮಗುಚಿದಾಗ ಅದು ಹೊರಗೆ ಎಸೆಯಲ್ಪಡುವುದನ್ನು ತಪ್ಪಿಸುತ್ತದೆ. ತೆರೆದ ಜೀಪಿನಲ್ಲಿ ಅದೇನು ಸಣ್ಣ ಲಾಭವಲ್ಲ. ಆದರೆ ಹೆದ್ದಾರಿಯ ಮುಖಾಮುಖಿ ಡಿಕ್ಕಿಯಲ್ಲಿ ಅದರಿಂದ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ. ಮಕ್ಕಳ ಸೀಟನ್ನಂತೂ ಅಡ್ಡಸೀಟಿನ ಮೇಲೆ ಯಾವ ಕಾರಣಕ್ಕೂ ಕಟ್ಟಬಾರದು. ನನ್ನ ಅಭಿಪ್ರಾಯದಲ್ಲಿ, ಮನೆಯವರನ್ನು ಕೂರಿಸಿಕೊಂಡು ಊರೂರು ತಿರುಗುವ ಗಾಡಿಯಾದರೆ ಅಡ್ಡಸೀಟುಗಳನ್ನು ತೆಗೆದು, ಮುಂದಕ್ಕೆ ಮುಖ ಮಾಡಿದ ಇಬ್ಬರ ಸೀಟನ್ನು ಹಾಕಿಸುವುದೇ ಸರಿಯಾದ ದಾರಿ. 2020ರಲ್ಲಿ ಬಂದ ಹೊಸ ಥಾರ್‌ನಲ್ಲೂ ಹಿಂದೆ ಇಬ್ಬರು ಮುಂದಕ್ಕೆ ಮುಖ ಮಾಡಿ ಕೂರುವ ಸೀಟುಗಳಿವೆ. ಆರು ಜನ ಕೂರುತ್ತಿದ್ದ ಜಾಗದಲ್ಲಿ ನಾಲ್ವರು ಎಂದರೆ ಮನೆಯಲ್ಲಿ ಒಂದಷ್ಟು ಗೊಣಗಾಟ ಇದ್ದೇ ಇರುತ್ತದೆ.

ಕಾನೂನಿನ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 138ನೆಯ ನಿಯಮವು ಚಾಲಕ, ಮುಂದಿನ ಸೀಟಿನವರು ಮತ್ತು ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು ಗಾಡಿ ಚಲಿಸುವಾಗ ಬೆಲ್ಟ್ ಧರಿಸಬೇಕೆಂದು ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಮು ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ ದಂಡವನ್ನು ನಿಗದಿಪಡಿಸಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿಲ್ಲದೆ ಕೂರಿಸಿದರೂ ಅಷ್ಟೇ ದಂಡ. ಇದಕ್ಕಿಂತ ಮುಖ್ಯವಾದದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದು ಅದರ ತಿರುಳು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಸೀಟಿನ ಸಂಖ್ಯೆ ಬದಲಾದರೆ ಆರ್‌ಸಿಯಲ್ಲಿರುವ ಸಂಖ್ಯೆಗೂ ಗಾಡಿಯಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಕೆಎ 32 ಆಗಲಿ, ಕೆಎ 33 ಆಗಲಿ, ಕೆಎ 38 ಆಗಲಿ, ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಕೆಲಸ ಆರಂಭಿಸುವ ಮೊದಲೇ ಲಿಖಿತ ಅರ್ಜಿ ಕೊಟ್ಟು, ಏನು ಮಾಡಲಿದ್ದೀರಿ ಎಂಬುದರ ಚಿತ್ರವನ್ನೂ ಜೊತೆಗಿಟ್ಟು, ಬರಹದಲ್ಲಿ ಉತ್ತರ ಪಡೆದುಕೊಳ್ಳಿ. ಅದರ ಒಂದು ಪ್ರತಿಯನ್ನು ವಿಮಾ ಕಂಪನಿಗೂ ಕಳುಹಿಸಿ. ಕೆಲಸ ಮುಗಿದ ಮೇಲೆ ಕೇಳಲು ಹೋದರೆ ಉತ್ತರ ಬೇರೆಯೇ ಆಗಿರುತ್ತದೆ.

ಈಗ ಕಟ್ಟುವ ಜಾಗಕ್ಕೆ ಬರೋಣ. ಮೂರು ಬಿಂದುಗಳ ಬೆಲ್ಟಿಗೆ ಕೆಳಗೆ ಎರಡು, ಮೇಲೆ ಒಂದು ಆಧಾರ ಬೇಕು. ಕಾರು ತಯಾರಕರು ಪಾಲಿಸುವ ಐರೋಪ್ಯ ನಿಯಮ ಇಸಿಇ ಆರ್14ರ ಪ್ರಕಾರ ಪರೀಕ್ಷೆಯಲ್ಲಿ ಭುಜದ ಪಟ್ಟಿಯ ಮೇಲೆ 13,500 ನ್ಯೂಟನ್ ಮತ್ತು ಅದೇ ಹೊತ್ತಿಗೆ ಸೊಂಟದ ಪಟ್ಟಿಯ ಮೇಲೆ ಅಷ್ಟೇ ಬಲವನ್ನು ಎಳೆಯುತ್ತಾರೆ. ಅಂದರೆ ಒಂದೊಂದರ ಮೇಲೂ ಸುಮಾರು 1,375 ಕಿಲೋ. ಸೊಂಟದ ಬೆಲ್ಟ್ ಮಾತ್ರ ಇದ್ದರೆ ಅದೊಂದರ ಮೇಲೆಯೇ 22,250 ನ್ಯೂಟನ್. ನಮ್ಮ ದೇಶದಲ್ಲಿ ಆಧಾರಬಿಂದುಗಳಿಗೆ ಎಐಎಸ್ 015 ಎಂಬ ಮಾನಕವಿದೆ. ಗ್ಯಾರೇಜಿನಲ್ಲಿ ಈ ಪರೀಕ್ಷೆ ಮಾಡಲು ಸಾಧ್ಯವಿಲ್ಲ. ಆದರೆ ಮಾಡುವ ಪ್ರತಿಯೊಂದು ರಂಧ್ರವೂ ಇಷ್ಟು ಭಾರವನ್ನು ಕಲ್ಪಿಸಿಕೊಂಡು ಮಾಡಿದ ರಂಧ್ರವಾಗಿರಬೇಕು.

ಕೆಳಗಿನ ಎರಡು ಆಧಾರಗಳ ಕೋನವನ್ನು ಅಳೆಯಲು ಒಬ್ಬರನ್ನು ಸೀಟಿನಲ್ಲಿ ಕೂರಿಸಿ. ಅವರ ಸೊಂಟದ ಕೀಲಿನಿಂದ ನೆಲದ ಆಧಾರಕ್ಕೆ ಒಂದು ದಾರ ಹಿಡಿದರೆ ಆ ದಾರವು ಸಮತಲದೊಂದಿಗೆ ಮಾಡುವ ಕೋನ ಹಿಂದಿನ ಸೀಟುಗಳಿಗೆ 30ರಿಂದ 80 ಡಿಗ್ರಿಯೊಳಗೆ ಇರಬೇಕೆಂದು ಅದೇ ಆರ್14 ಹೇಳುತ್ತದೆ; ನಾನು 55 ಡಿಗ್ರಿಯ ಸುತ್ತ ಇಟ್ಟುಕೊಂಡೆ. ಆಧಾರವನ್ನು ತೀರ ಹಿಂದಕ್ಕೆ ಹಾಕಿ ಪಟ್ಟಿ ಚಪ್ಪಟೆಯಾಗಿ ಮಲಗಿದರೆ, ಗುದ್ದಿದಾಗ ಅದು ಸೊಂಟದ ಮೂಳೆಯಿಂದ ಜಾರಿ ಹೊಟ್ಟೆಯ ಮೇಲೇರುತ್ತದೆ, ಕುಳಿತವರು ಅದರ ಅಡಿಯಿಂದ ನುಸುಳುತ್ತಾರೆ. ಹೊಟ್ಟೆಯೊಳಗಿನ ಅಂಗಗಳಿಗೆ ಆಗುವ ಗಾಯ ಹೊರಗೆ ಕಾಣುವುದೂ ಇಲ್ಲ. ತೀರ ನೆಟ್ಟಗೆ ಇಟ್ಟರೆ ದೇಹ ಮುಂದಕ್ಕೆ ಬಹಳ ದೂರ ಸರಿದ ಮೇಲಷ್ಟೇ ಬೆಲ್ಟ್ ಹಿಡಿಯುತ್ತದೆ. ಒಬ್ಬರಿಗೆ ಸಂಬಂಧಿಸಿದ ಎರಡು ಕೆಳ ಆಧಾರಗಳ ನಡುವೆ 35 ಸೆಂಟಿಮೀಟರಿಗಿಂತ ಕಡಿಮೆ ಅಂತರ ಬೇಡ. ಇಬ್ಬರ ಬಕಲುಗಳನ್ನು ನಡುವೆ ಒಂದೇ ಬೋಲ್ಟಿಗೆ ಪೋಣಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಹಾಗೆ ಮಾಡಿದರೆ ಒಂದು ಬೋಲ್ಟಿನ ಮೇಲೆ ಇಬ್ಬರ ಭಾರ ಬೀಳುತ್ತದೆ. ಎರಡು ಬೇರೆ ಬೋಲ್ಟುಗಳನ್ನೇ ಹಾಕಿ.

ಇಲ್ಲಿ ಹೆಚ್ಚಿನವರು ಮರೆಯುವ ಒಂದು ವಿಷಯವಿದೆ. ಥಾರ್, ಜಿಪ್ಸಿ, ಜೀಪುಗಳಲ್ಲಿ ಬಾಡಿಯು ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ರಬ್ಬರ್ ಬುಷ್ಷುಗಳ ಮೂಲಕ ಕುಳಿತಿರುತ್ತದೆ. ಚಾಸಿ ಗಟ್ಟಿ ಎಂಬ ಕಾರಣಕ್ಕೆ ಬೆಲ್ಟನ್ನು ಅದಕ್ಕೆ ಕಟ್ಟಿ, ಸೀಟನ್ನು ಬಾಡಿಯ ನೆಲಕ್ಕೆ ಬಿಗಿದರೆ, ದೊಡ್ಡ ಅಪಘಾತದಲ್ಲಿ ಬಾಡಿ ಚಾಸಿಯ ಮೇಲೆ ಸರಿದಾಗ ಸೀಟು ಒಂದು ಕಡೆಗೂ ಬೆಲ್ಟು ಇನ್ನೊಂದು ಕಡೆಗೂ ಎಳೆಯುತ್ತವೆ, ನಡುವೆ ಮನುಷ್ಯ ಸಿಕ್ಕಿಹಾಕಿಕೊಳ್ಳುತ್ತಾನೆ. ಸೀಟು ಮತ್ತು ಬೆಲ್ಟಿನ ಎಲ್ಲ ಆಧಾರಗಳೂ ಒಂದೇ ಕಡೆ ಇರಬೇಕು. ನಾನು ಎಲ್ಲವನ್ನೂ ಬಾಡಿಗೇ ಕಟ್ಟಿ, ಬಾಡಿಯ ತಗಡಿಗೆ ಅಡಿಯಿಂದ ಬಲ ಕೊಡುವ ದಾರಿಯನ್ನು ಆರಿಸಿಕೊಂಡೆ. ಜೊತೆಗೆ ಬಾಡಿಯನ್ನು ಚಾಸಿಗೆ ಹಿಡಿದಿರುವ ಹಳೆಯ ಬೋಲ್ಟುಗಳನ್ನೂ ರಬ್ಬರುಗಳನ್ನೂ ಪರೀಕ್ಷಿಸಿ ಬದಲಿಸಿದೆ. ಎರಡು ಬೋಲ್ಟುಗಳು ಕೈಯಲ್ಲೇ ತಿರುಗುತ್ತಿದ್ದವು.

ಬಲ ಕೊಡುವುದೆಂದರೆ ಬೋಲ್ಟಿನ ಎಳೆತವನ್ನು ತಗಡಿನ ಅಗಲವಾದ ಭಾಗಕ್ಕೆ ಹಂಚುವ ಉಕ್ಕಿನ ಪ್ಲೇಟು. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮದಲ್ಲಿ ಪ್ರತಿ ಆಧಾರಕ್ಕೆ ಕನಿಷ್ಠ 40 ಚದರ ಸೆಂಟಿಮೀಟರ್ ವಿಸ್ತೀರ್ಣದ, 3 ಮಿಲಿಮೀಟರ್ ದಪ್ಪದ ಪ್ಲೇಟು ಬೇಕೆಂದಿದೆ. ನಮ್ಮ ಹಳೆಯ ತಗಡನ್ನು ನೋಡಿ ನಾನು 10 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ, 4 ಮಿಲಿಮೀಟರ್ ದಪ್ಪದವನ್ನು ಕತ್ತರಿಸಿಕೊಂಡೆ. ಮೂಲೆಗಳನ್ನು ಗ್ರೈಂಡರಿನಲ್ಲಿ ಗುಂಡಗೆ ಮಾಡಿ, ಅಂಚನ್ನು ನಯಗೊಳಿಸಿ. ಚೂಪಾದ ಮೂಲೆಯೇ ತಗಡನ್ನು ಡಬ್ಬಿಯ ಮುಚ್ಚಳ ಕೊಯ್ದಂತೆ ಕೊಯ್ಯುತ್ತದೆ. ಪ್ಲೇಟು ಯಾವಾಗಲೂ ಎಳೆತದ ವಿರುದ್ಧ ಬದಿಯಲ್ಲಿ, ಅಂದರೆ ನೆಲದ ಅಡಿಯಲ್ಲಿ ಅಥವಾ ಚಕ್ರದ ಪೆಟ್ಟಿಗೆಯ ಹೊರಮಗ್ಗುಲಲ್ಲಿ ಇರಬೇಕು. ಚಕ್ರದ ಪೆಟ್ಟಿಗೆಯ ನೆಟ್ಟಗಿನ ಗೋಡೆ ನೆಲಕ್ಕಿಂತ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಎಳೆತ ಬೋಲ್ಟನ್ನು ಕಿತ್ತು ತೆಗೆಯುವ ದಿಕ್ಕಿಗೆ ಇರದೆ, ಅಡ್ಡಲಾಗಿ ಕತ್ತರಿಸುವ ದಿಕ್ಕಿಗೆ ಇರುತ್ತದೆ. ಒಳ್ಳೆಯ ಬೋಲ್ಟು ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹೊರಮಗ್ಗುಲಲ್ಲಿ ಬೋಲ್ಟಿನ ತುದಿ ಟೈರಿಗೆ ತಾಗದಷ್ಟು ಜಾಗವಿದೆಯೇ ಎಂದು ಸ್ಪ್ರಿಂಗ್ ಪೂರ್ತಿ ಒತ್ತಿಕೊಂಡ ಸ್ಥಿತಿಯಲ್ಲಿ ನೋಡಬೇಕು; ಗಾಡಿ ಸಮನೆಲದ ಮೇಲೆ ನಿಂತಿರುವಾಗ ಕಾಣುವ ಜಾಗವನ್ನು ನಂಬಬೇಡಿ.

ಬೆಲ್ಟಿನ ಆಧಾರಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಬೋಲ್ಟು 7/16 ಇಂಚಿನ, ಇಂಚಿಗೆ 20 ಎಳೆಗಳ ಯುಎನ್‌ಎಫ್ ಬೋಲ್ಟು. ಬೆಲ್ಟಿನ ಜೊತೆಗೇ ಬರುವುದನ್ನೇ ಬಳಸುವುದು ಉತ್ತಮ. ಬೇರೆ ಕೊಳ್ಳಬೇಕಾಗಿ ಬಂದರೆ ತಲೆಯ ಮೇಲೆ ಆರು ಗೆರೆಗಳಿರುವ ಗ್ರೇಡ್ 8ರ ಬೋಲ್ಟನ್ನೇ ಕೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಗುರುತಿಲ್ಲದ ಬೋಲ್ಟುಗಳೂ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳೂ ಈ ಕೆಲಸಕ್ಕಲ್ಲ. ಮೊದಲು 4 ಮಿಲಿಮೀಟರಿನ ಸಣ್ಣ ರಂಧ್ರ ಕೊರೆದು, ಅಡಿಯಲ್ಲಿ ಮಲಗಿ ಅದು ಎಲ್ಲಿ ಹೊರಬಂದಿದೆ ಎಂದು ನೋಡಿಕೊಂಡು, ಆಮೇಲೆ 11.5 ಮಿಲಿಮೀಟರಿಗೆ ದೊಡ್ಡದು ಮಾಡಿ. ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಇವು ಮೂರೂ ಹಿಂಬದಿಯ ನೆಲದಡಿಯಲ್ಲಿ ಎಲ್ಲಿ ಹಾದುಹೋಗಿವೆ ಎಂಬುದನ್ನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಬೇಕು. ಕೊರೆದ ಅಂಚಿಗೆ ಜಿಂಕ್ ಪ್ರೈಮರ್, ಪ್ಲೇಟಿನ ಸುತ್ತ ಸೀಲಂಟ್ ಕಡ್ಡಾಯ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಡಿಯ ಅಡಿಗೆ ಅಂಟಿಕೊಂಡರೆ ವಾರಗಟ್ಟಲೆ ತೇವವನ್ನು ಬಿಡುವುದಿಲ್ಲ. ಬಣ್ಣವಿಲ್ಲದ ಒಂದು ರಂಧ್ರ ಎರಡು ಮಳೆಗಾಲದಲ್ಲಿ ಅಂಗೈಯಗಲದ ತುಕ್ಕಾಗುತ್ತದೆ. ಬಿಗಿಯುವಾಗ ಬೆಲ್ಟಿನ ತುದಿಯ ಲೋಹದ ಕಣ್ಣು ಬೋಲ್ಟಿನ ಸುತ್ತ ಸಲೀಸಾಗಿ ತಿರುಗುವಂತಿರಬೇಕು. ಅದಕ್ಕಾಗಿಯೇ ಕಂಪನಿಯ ಬೋಲ್ಟಿನಲ್ಲಿ ಒಂದು ಮೆಟ್ಟಿಲೂ ಅಲೆಯಾಕಾರದ ವಾಷರೂ ಇರುತ್ತವೆ. ಅವನ್ನು ಬಿಸಾಡಿ ದಪ್ಪ ವಾಷರು ಹಾಕಿ ಬಿಗಿದರೆ ಎಳೆತದ ದಿಕ್ಕಿಗೆ ಕಣ್ಣು ತಿರುಗಲಾರದೆ ಪಟ್ಟಿಯ ಒಂದೇ ಅಂಚಿನ ಮೇಲೆ ಭಾರ ಬಿದ್ದು ಅದು ಹರಿಯತೊಡಗುತ್ತದೆ.

ಮೇಲಿನ ಆಧಾರವೇ ಈ ಕೆಲಸದ ನಿಜವಾದ ಕಷ್ಟ. ಕಾರಿನಲ್ಲಿ ಅದಕ್ಕೆ ಕಂಬ ಇರುತ್ತದೆ. ಬಟ್ಟೆ ಹುಡ್ಡಿನ ಥಾರ್‌ನ ಹಿಂಬದಿಯಲ್ಲಿ ಭುಜದ ಎತ್ತರಕ್ಕೆ ಲೋಹವೆಂದರೆ ಹುಡ್ಡಿನ ಕಂಬಿ ಒಂದೇ, ಅದು ಬಟ್ಟೆಯ ಭಾರ ಹೊರಲು ಮಾಡಿದ ಕೊಳವೆ. ಭುಜದ ಪಟ್ಟಿ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲಿನಿಂದ ಬಂದು ಕೊರಳೆಲುಬಿನ ನಡುಭಾಗದ ಮೇಲೆ ಹಾದುಹೋಗಬೇಕು. ಕಂಬಿ ಇಲ್ಲವೆಂದು ಪಟ್ಟಿಯನ್ನು ಸೀಟಿನ ಬೆನ್ನಿನ ಮೇಲಿಂದ ಹಾಯಿಸಿ ಹಿಂದಿನ ನೆಲಕ್ಕೆ ಕಟ್ಟುವುದನ್ನು ನಾನು ಹಲವು ಗಾಡಿಗಳಲ್ಲಿ ನೋಡಿದ್ದೇನೆ. ಗುದ್ದಿದಾಗ ದೇಹ ಮುಂದಕ್ಕೆ ಹೋಗಲು ಯತ್ನಿಸುತ್ತದೆ, ಪಟ್ಟಿ ಭುಜವನ್ನು ಕೆಳಕ್ಕೆ ಎಳೆಯುತ್ತದೆ. ಆ ಎಳೆತವೆಲ್ಲ ಬೆನ್ನುಮೂಳೆಯ ಮಣಿಗಳನ್ನು ಒಂದರ ಮೇಲೊಂದು ಜಜ್ಜುವ ಬಲವಾಗುತ್ತದೆ. ಹೀಗೆ ಕಟ್ಟುವುದಕ್ಕಿಂತ ಸೊಂಟದ ಬೆಲ್ಟೊಂದನ್ನೇ ಸರಿಯಾಗಿ ಕಟ್ಟಿಕೊಳ್ಳುವುದು ಮೇಲು.

ಆದ್ದರಿಂದ ಸೀಟಿನ ಹಿಂದೆ ಒಂದು ರೋಲ್ ಬಾರ್, ಅಂದರೆ ಗಾಡಿ ಮಗುಚಿದಾಗ ತಲೆ ಕಾಯುವ ಉಕ್ಕಿನ ಕೊಳವೆಯ ಕಮಾನು ನಿಲ್ಲಿಸಿ, ಅದಕ್ಕೆ ಭುಜದ ಮಟ್ಟದಲ್ಲಿ ಅಡ್ಡಕೊಳವೆ ಕೂಡಿಸಿ, ಅಲ್ಲಿ ಮೇಲಿನ ಆಧಾರ ಮಾಡಿಕೊಳ್ಳುವುದೊಂದೇ ಉಳಿಯುವ ದಾರಿ. ಆಕ್ಸೆಸರೀಸ್ ಅಂಗಡಿಗಳಲ್ಲಿ ಸಿಗುವ ಮಿಂಚುವ ಸ್ಟೀಲ್ ರೋಲ್ ಬಾರುಗಳು ಹೆಚ್ಚಾಗಿ ಅಲಂಕಾರಕ್ಕೆ ಮಾಡಿದವು; ಬೆರಳಲ್ಲಿ ತಟ್ಟಿದರೆ ಬರುವ ಸದ್ದೇ ತಗಡಿನ ತೆಳುವನ್ನು ಹೇಳಿಬಿಡುತ್ತದೆ. ಎಫ್‌ಐಎ ನಿಯಮದಲ್ಲಿ ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ, ಬೆಸುಗೆಯ ಗೀಟಿಲ್ಲದ ಉಕ್ಕಿನ ಕೊಳವೆ ಅಥವಾ 50 ಮಿಲಿಮೀಟರ್ ವ್ಯಾಸ, 2 ಮಿಲಿಮೀಟರ್ ದಪ್ಪದ್ದು ಬೇಕು. ಉಳಿದ ಆಧಾರ ಕೊಳವೆಗಳಿಗೆ 38 ಮಿಲಿಮೀಟರ್ ವ್ಯಾಸ, 2.5 ದಪ್ಪ ಸಾಕು. ಕಮಾನಿನ ಪ್ರತಿ ಕಾಲಿನ ಅಡಿಯಲ್ಲಿ 120 ಚದರ ಸೆಂಟಿಮೀಟರ್ ವಿಸ್ತೀರ್ಣದ, 3 ಮಿಲಿಮೀಟರ್ ದಪ್ಪದ ಪ್ಲೇಟು ಮತ್ತು ಕನಿಷ್ಠ ಮೂರು ಎಂ8 ಬೋಲ್ಟುಗಳು, 8.8 ದರ್ಜೆಯವು. ರೇಸಿಗಲ್ಲದಿದ್ದರೂ ಈ ಅಳತೆಗಳನ್ನು ನಾನು ಬಿಡಲಿಲ್ಲ. ಕಮಾನಿನಿಂದ ಹಿಂದಕ್ಕೆ ಇಳಿಯುವ ಎರಡು ಓರೆ ಕೊಳವೆಗಳು ಇರಲೇಬೇಕು; ಅವಿಲ್ಲದ ಕಮಾನು ಬೆಲ್ಟಿನ ಎಳೆತಕ್ಕೆ ಮುಂದಕ್ಕೆ ಬಾಗಿ ಕುಳಿತವರ ತಲೆಯ ಮೇಲೆಯೇ ಬರುತ್ತದೆ.

ಬೆಲ್ಟಿನ ಬೋಲ್ಟಿಗಾಗಿ ಕೊಳವೆಗೆ ನೇರವಾಗಿ ರಂಧ್ರ ಕೊರೆದು ಬಿಗಿಯಬಾರದು, ಕೊಳವೆ ಅಲ್ಲಿ ಚಪ್ಪಟೆಯಾಗುತ್ತದೆ. ಆರಪಾರ ರಂಧ್ರ ಮಾಡಿ, ಒಳಗೆ ದಪ್ಪ ಗೋಡೆಯ ಸಣ್ಣ ಬುಷ್ ಕೂಡಿಸಿ, ಎರಡೂ ಬದಿಗೆ ಸುತ್ತಲೂ ಬೆಸುಗೆ ಹಾಕಿಸಬೇಕು. ಈ ಬೆಸುಗೆಯನ್ನು ಗೇಟು, ಕಿಟಕಿ ಮಾಡುವ ಅಂಗಡಿಯಲ್ಲಿ ಮಾಡಿಸಬೇಡಿ. ಟ್ರೇಲರ್, ಟ್ಯಾಂಕರ್ ಕೆಲಸ ಮಾಡುವವರ ಹತ್ತಿರ ಹೋಗಿ. ಬೆಸುಗೆ ಹಾಕುವಾಗ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿರಬೇಕು, ಸಿಆರ್‌ಡಿಇ ಡೀಸೆಲ್ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಕೆಟ್ಟರೆ ಅದರ ಖರ್ಚು ಈ ಇಡೀ ಕೆಲಸದ ಖರ್ಚನ್ನು ಮೀರುತ್ತದೆ. ಬೆಲ್ಟುಗಳು ಆ ಹೊತ್ತಿನಲ್ಲಿ ಗಾಡಿಯಲ್ಲಿ ಇರಕೂಡದು. ಪಾಲಿಯೆಸ್ಟರ್ ಪಟ್ಟಿಯ ಮೇಲೆ ಬಿದ್ದ ಒಂದು ಕಿಡಿ ಮಾಡುವ ಸೂಜಿಮೊನೆಯಷ್ಟು ತೂತು ಕೂಡ ಆ ಪಟ್ಟಿಯನ್ನು ಎಸೆಯಲು ಸಾಕಾದ ಕಾರಣ.

ಬೆಲ್ಟನ್ನು ಹೊಸದಾಗಿಯೇ ಕೊಳ್ಳಿ, ಅದರ ಮೇಲೆ ಮಾನಕದ ಗುರುತೂ ತಯಾರಾದ ವರ್ಷವೂ ಇರುವ ಚೀಟಿ ಹೊಲಿದಿರಬೇಕು. ಗುಜರಿಯಲ್ಲಿ ಸಿಗುವ ಬೆಲ್ಟುಗಳಲ್ಲಿ ಎರಡು ಅಪಾಯಗಳಿವೆ. ಅಪಘಾತವಾದ ಗಾಡಿಯ ಬೆಲ್ಟು ಒಮ್ಮೆ ಪೂರ್ತಿ ಎಳೆತ ಕಂಡಿರುತ್ತದೆ, ಅದರ ನೂಲುಗಳು ಹಿಗ್ಗಿಹೋಗಿರುತ್ತವೆ. ಇನ್ನು ಹೊಸ ಕಾರುಗಳ ಮುಂದಿನ ಬೆಲ್ಟುಗಳಲ್ಲಿ ಗುದ್ದಿದ ಕ್ಷಣ ಪಟ್ಟಿಯನ್ನು ಬಿಗಿಯುವ ಪ್ರಿಟೆನ್ಷನರ್ ಎಂಬ ಸಾಧನ ಇರುತ್ತದೆ. ಅದರೊಳಗೆ ಸಣ್ಣ ಸ್ಫೋಟಕವಿದ್ದು, ಬಿಚ್ಚುವಾಗ ಅಥವಾ ಬೆಸುಗೆಯ ಬಿಸಿ ತಗುಲಿದಾಗ ಸಿಡಿಯಬಹುದು. ಒಂದು ಬೆಲ್ಟಿನ ನಾಲಿಗೆಯನ್ನು ಇನ್ನೊಂದರ ಬಕಲಿಗೆ ಹೊಂದಿಸುವುದೂ ಬೇಡ, ಟಕ್ ಎಂದು ಸದ್ದು ಬಂದ ಮಾತ್ರಕ್ಕೆ ಅದು ಹಿಡಿದಿದೆ ಎಂದು ಅರ್ಥವಲ್ಲ. ರೇಸ್ ಗಾಡಿಯ ನಾಲ್ಕು ಬಿಂದುಗಳ ಹಾರ್ನೆಸ್ ಹಾಕಿಸಿಕೊಳ್ಳುವ ಹುಡುಗರಿಗೆ ಒಂದು ಮಾತು: ಕಾಲುಗಳ ನಡುವಿನ ಪಟ್ಟಿಯಿಲ್ಲದ ಹಾರ್ನೆಸ್ಸಿನಲ್ಲಿ ಭುಜದ ಪಟ್ಟಿಗಳು ನಡುವಿನ ಬಕಲನ್ನು ಮೇಲಕ್ಕೆ ಎಳೆದು ಹೊಟ್ಟೆಯ ಮೇಲೆ ತರುತ್ತವೆ. ಸಾಮಾನ್ಯ ಸೀಟಿಗೆ ಮೂರು ಬಿಂದುಗಳ ಬೆಲ್ಟೇ ಒಳ್ಳೆಯದು.

ಪಟ್ಟಿ ಸುತ್ತಿಕೊಳ್ಳುವ ರಿಟ್ರಾಕ್ಟರಿನ ವಿಷಯದಲ್ಲಿ ನಾನೇ ಮೋಸಹೋದೆ. ಹೊಸ ಬೆಲ್ಟ್ ತಂದು, ರಿಟ್ರಾಕ್ಟರನ್ನು ಚಕ್ರದ ಪೆಟ್ಟಿಗೆಯ ಮೇಲೆ ಅನುಕೂಲವಾದಂತೆ ಮಲಗಿಸಿ ಬಿಗಿದೆ. ಪಟ್ಟಿ ಒಂದಿಂಚೂ ಹೊರಬರಲಿಲ್ಲ. ಮಾಲು ಕೆಟ್ಟಿದೆ ಎಂದು ಅಂಗಡಿಯವರ ಜೊತೆ ವಾದ ಮಾಡಿ ಬದಲಿಸಿಕೊಂಡು ಬಂದೆ. ಅದೂ ಹಾಗೆಯೇ ಆಯಿತು. ತಪ್ಪು ಅಂಗಡಿಯವರದಲ್ಲ. ರಿಟ್ರಾಕ್ಟರಿನೊಳಗೆ ಒಂದು ಬಟ್ಟಲಲ್ಲಿ ಸಣ್ಣ ಗುಂಡು ಇರುತ್ತದೆ; ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಅಥವಾ ವಾಲಿದಾಗ ಗುಂಡು ಸರಿದು ಬೀಗ ಬೀಳುತ್ತದೆ. ಬೆಲ್ಟುಗಳಿಗೆ ಸಂಬಂಧಿಸಿದ ಐರೋಪ್ಯ ನಿಯಮ ಆರ್16ರಂತೆ 12 ಡಿಗ್ರಿಯವರೆಗಿನ ವಾಲುವಿಕೆಗೆ ಬೀಗ ಬೀಳಕೂಡದು, 27 ಡಿಗ್ರಿ ದಾಟಿದರೆ ಬೀಳಲೇಬೇಕು. ನಾನು ಅದನ್ನು 90 ಡಿಗ್ರಿಗೆ ಮಲಗಿಸಿದ್ದೆ. ಆದ್ದರಿಂದ ಕೊಳ್ಳುವಾಗಲೇ ನಿಮ್ಮ ಗಾಡಿಯಲ್ಲಿ ಅದು ಯಾವ ಭಂಗಿಯಲ್ಲಿ ಕೂರಬೇಕು ಎಂಬುದನ್ನು ಅಳೆದುಕೊಂಡು ಹೋಗಿ, ಆ ಕೋನಕ್ಕೆಂದೇ ತಯಾರಾದ ರಿಟ್ರಾಕ್ಟರನ್ನು ಕೇಳಿ. ಅಂಗಡಿಯಲ್ಲೇ ಅದೇ ಭಂಗಿಯಲ್ಲಿ ಕೈಯಲ್ಲಿ ಹಿಡಿದು ಎಳೆದು ನೋಡಿ.

ಗುಡ್ಡ ಹತ್ತುವಾಗ ಇದೇ ಗುಂಡಿನಿಂದ ಇನ್ನೊಂದು ಕಿರಿಕಿರಿ ಬರುತ್ತದೆ. ಗಾಡಿ ಓರೆಯಾದ ಕೂಡಲೇ ಬೆಲ್ಟ್ ಬೀಗ ಹಾಕಿಕೊಂಡು, ಕುಲುಕಾಟದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತ ಹೋಗುತ್ತದೆ. ಅದು ದೋಷವಲ್ಲ. ಇಳಿಜಾರು ಶುರುವಾಗುವ ಮೊದಲೇ ಎಲ್ಲರೂ ಬೆಲ್ಟ್ ಹಾಕಿಕೊಂಡು ನೆಟ್ಟಗೆ ಕುಳಿತಿರಬೇಕು, ಸಮತಟ್ಟಿಗೆ ಬಂದಾಗ ಒಮ್ಮೆ ಬಿಚ್ಚಿ ಹಾಕಿಕೊಂಡರೆ ಸಡಿಲವಾಗುತ್ತದೆ. ಬಿಗಿಯಾಗದಂತೆ ಪಟ್ಟಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸುವವರಿದ್ದಾರೆ. ಆ ಕ್ಲಿಪ್ಪು ಬಿಟ್ಟುಕೊಡುವಷ್ಟು ಉದ್ದದ ಸಡಿಲವೇ ತಲೆ ಮುಂದಿನ ಸೀಟಿಗೆ ಬಡಿಯಲು ಸಾಕು.

ಎಲ್ಲ ಬಿಗಿದಾದ ಮೇಲೆ ಟಾರ್ಕ್ ವ್ರೆಂಚಿನಿಂದ ಬೆಲ್ಟಿನ ಜೊತೆ ಬಂದ ಚೀಟಿಯಲ್ಲಿರುವ ಅಳತೆಗೆ ನೋಡಿ. 7/16ರ ಬೋಲ್ಟಿಗೆ ಅದು ಸಾಮಾನ್ಯವಾಗಿ 40 ನ್ಯೂಟನ್ ಮೀಟರಿನ ಆಸುಪಾಸು ಇರುತ್ತದೆ. ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುವ ನಮ್ಮ ಪದ್ಧತಿ ಇಲ್ಲಿ ಬೇಡ. ಕುಳಿತು ಹಾಕಿಕೊಂಡಾಗ ಪಟ್ಟಿ ಎಲ್ಲಿಯೂ ಮಡಚಿರಬಾರದು, ಸೀಟಿನ ಕಬ್ಬಿಣಕ್ಕೋ ತಗಡಿನ ಅಂಚಿಗೋ ಉಜ್ಜಬಾರದು, ಬಕಲು ಹೊಟ್ಟೆಯ ಮೇಲೆ ಬರದೆ ಸೊಂಟದ ಮಗ್ಗುಲಲ್ಲಿರಬೇಕು. ನಂತರ ಖಾಲಿ ಮೈದಾನದಲ್ಲಿ, ಹಿಂದೆ ದೊಡ್ಡವರೊಬ್ಬರನ್ನು ಕೂರಿಸಿಕೊಂಡು, 20ರ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿ ಬೀಗ ಬೀಳುತ್ತದೆಯೇ ಎಂದು ನೋಡಿ. ಇದರಿಂದ ರಿಟ್ರಾಕ್ಟರಿನ ಕೆಲಸ ಗೊತ್ತಾಗುತ್ತದೆಯೇ ಹೊರತು ಆಧಾರದ ಬಲ ಗೊತ್ತಾಗುವುದಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ, ಪ್ಲೇಟಿನ ಸುತ್ತಲಿನ ಬಣ್ಣ ಬಿರುಕು ಬಿಟ್ಟಿದೆಯೇ ನೋಡಿ. ಬಿರುಕು ಕಂಡರೆ ತಗಡು ಅಲ್ಲಿ ಬಾಗುತ್ತಿದೆ ಎಂದು ಅರ್ಥ, ಪ್ಲೇಟನ್ನು ದೊಡ್ಡದು ಮಾಡಬೇಕು.

ನಮ್ಮ ಬಿಸಿಲು ಮತ್ತು ಧೂಳಿನಲ್ಲಿ ಬೆಲ್ಟಿನ ಆಯುಸ್ಸು ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವಾಗ ಹುಡ್ಡು ತೆಗೆದ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿದರೆ ಪಟ್ಟಿಯ ಬಣ್ಣ ಮಾಸುತ್ತದೆ, ಬಣ್ಣದ ಜೊತೆ ನೂಲಿನ ಬಲವೂ ಹೋಗುತ್ತದೆ. ಒಂದು ಹಳೆಯ ದುಪ್ಪಟಿ ಮುಚ್ಚಿದರೂ ಸಾಕು. ರಿಟ್ರಾಕ್ಟರಿಗೆ ಧೂಳು ಹೋಗದಂತೆ ಪ್ಲಾಸ್ಟಿಕ್ ಕವಚ ಇರಲಿ. ಪಟ್ಟಿ ನಿಧಾನವಾಗಿ ಒಳಗೆ ಹೋಗತೊಡಗಿದರೆ ಪೂರ್ತಿ ಹೊರಗೆಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸಾಬೂನು ಹಾಕಿ ಒರೆಸಿ, ನೆರಳಲ್ಲಿ ಒಣಗಿದ ಮೇಲೆ ಒಳಗೆ ಬಿಡಿ. ಬ್ಲೀಚ್ ಬಳಸಬೇಡಿ, ರಿಟ್ರಾಕ್ಟರಿಗೆ ಎಣ್ಣೆ ಬಿಡಬೇಡಿ. ಎಣ್ಣೆಗೆ ಎರೆಮಣ್ಣಿನ ಹುಡಿ ಸೇರಿದರೆ ಒಳಗೆ ಅರೆಯುವ ಪುಡಿ ತಯಾರಾಗುತ್ತದೆ.

ಎರಡು ಬೆಲ್ಟುಗಳಿದ್ದರೆ ಹಿಂದೆ ಇಬ್ಬರೇ. ಶರಣಬಸವೇಶ್ವರ ಜಾತ್ರೆಯ ದಿನ ಬೀದರಿನಿಂದ ಬಂದ ಕಾಕಾ "ಒಂದಿಷ್ಟು ಸರಕೊಂಡು ಕುಂದರ್ರಿ" ಎಂದು ಮೂರನೆಯವರಾಗಿ ಹತ್ತಿದಾಗ ಇದನ್ನು ಹೇಳುವುದು ಕಷ್ಟ. ನಾನು ಎರಡು ಸಲ ಹೋಗಿ ಬಂದೆ. ಅಪಘಾತವಾದರೆ, ಅದು ಸಣ್ಣದಾಗಿದ್ದರೂ, ಯಾರಾದರೂ ಕುಳಿತಿದ್ದ ಸೀಟಿನ ಬೆಲ್ಟನ್ನು ಬೋಲ್ಟಿನ ಸಮೇತ ಬದಲಿಸಿ. ತೆಗೆದ ಹಳೆಯದನ್ನು ಗುಜರಿಗೆ ಕೊಡುವ ಮೊದಲು ಪಟ್ಟಿಯನ್ನು ಮೂರು ಕಡೆ ಕತ್ತರಿಸಿಬಿಡಿ. ಇಡಿಯಾಗಿ ಕೊಟ್ಟರೆ ತಿಂಗಳೊಳಗೆ ಅದು ಇನ್ನೊಬ್ಬರ ಜೀಪಿನಲ್ಲಿ ಕೂತಿರುತ್ತದೆ.